ನಿಮಿಷಕ್ಕೆ ನಲವತ್ತು ಹನಿ
ನಮ್ಮ ಮಹಡಿ ಮನೆಯ ನರ್ಸಕ್ಕನಿಗೆ ಆಸ್ಪತ್ರೆಯಲ್ಲಿ ಹಗಲೆಲ್ಲ ಡ್ರಿಪ್ ನೋಡಿದ್ದು ಸಾಲದು. ಮನೆಗೆ ಬಂದು ಜೀವಂತ ಹವಳ ಸಾಕಿರುವ ಉಪ್ಪುನೀರಿನ ಗಾಜಿನ ತೊಟ್ಟಿಯ ಮುಂದೆ ಗಡಿಯಾರ ಹಿಡಿದು ಕೂತರೆ ಭೂಮಿ ಬಾಯ್ಬಿಟ್ಟರೂ ಏಳುವವರಲ್ಲ. ಪಕ್ಕದಲ್ಲಿ ರಿಯಾಕ್ಟರ್ ಅನ್ನೋ ದಪ್ಪ ಕೊಳವೆ; ಅದರೊಳಗೆ ಬಿಡುವ ಗ್ಯಾಸು ನೀರನ್ನು ಹುಳಿಯಾಗಿಸಿ ಬಿಳಿ ಚೂರುಗಳನ್ನು ಕರಗಿಸುತ್ತದೆ. ಚೂರು ಕರಗಿ ಬರುವ, ಹವಳಗಳನ್ನು ಬೆಳೆಸುವ ಆ ಸುಣ್ಣದ ನೀರು ನಿಮಿಷಕ್ಕೆ ನಲವತ್ತೇ ಹನಿಯಂತೆ ತೊಟ್ಟಿಗೆ ಬೀಳಬೇಕು. ಊರಿಂದ ಬಂದ ಅತ್ತೆಗೂ "ಇಪ್ಪತ್ಮೂರು, ಬನ್ನಿ ಅತ್ತೆ, ಇಪ್ಪತ್ನಾಲ್ಕು" ಎಂದೇ ಸ್ವಾಗತ. ಲೆಕ್ಕ ತಪ್ಪಿದರೆ ಮತ್ತೆ ಒಂದರಿಂದ. "ಗ್ಯಾಸ್ ಇನ್ನೊಂಚೂರು ತಿರುಗಿಸಿದ್ರೆ ಬೇಗ ಬೆಳೆಯಲ್ವಾ ಅಕ್ಕ?" ಎಂದು ನಾನೊಮ್ಮೆ ಕೇಳಿಬಿಟ್ಟೆ. ನರ್ಸಕ್ಕ ಕೊಳವೆಯೊಳಗಿನ ಚೂರುಗಳನ್ನು ತೋರಿಸಿದರು. "ಹಾಗೆ ಅವಸರ ಮಾಡಿ ನಾನೇ ಕೊಂದ ಹವಳ ಕಣೋ ಇವೆಲ್ಲ. ಸತ್ತ ಮೇಲೂ ಕರಗಿ ಕರಗಿ ತೊಟ್ಟೀಲಿರೋವನ್ನ ಸಾಕ್ತಿವೆ. ನಾನು ಹನಿ ಎಣಿಸೋದಾದ್ರೂ ಬೇಡ್ವಾ?" ಅಂದವರೇ ಮತ್ತೆ ಒಂದರಿಂದ ಶುರುಮಾಡಿದರು.