ಬಿದ್ದೈತೇನ್ರಿ?

ಈ ವಯಸ್ಸಿನಲ್ಲಿ ನನಗೆ ದೊಡ್ಡ ಬೈಕಿನ ಹುಚ್ಚು ಹತ್ತಿತ್ತು. ಧಾರವಾಡದ ನಿವೃತ್ತ ಮಾಸ್ತರೊಬ್ಬರು, ದೂರದ ಪ್ರಯಾಣಕ್ಕೆಂದೇ ಮಾಡಿದ ತಮ್ಮ ಹಳೆಯ ಸ್ಪೋರ್ಟ್ಸ್ ಟೂರಿಂಗ್ ಗಾಡಿ ಮಾರುತ್ತಾರೆಂದು ಕೇಳಿ ಹುಬ್ಬಳ್ಳಿಯಿಂದ ಓಡಿದೆ.

ಮಾಸ್ತರು ಕೀಲಿಕೈ ಹುಡುಕಲು ಒಳಗೆ ಹೋದರು. ಗಾಡಿಗೆ ಅಪಘಾತವಾಗಿದ್ದರೆ ಮಾರುವವರು ಬಾಯಿ ಬಿಡುವುದಿಲ್ಲ. ಅದಕ್ಕೇ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿಯನ್ನು ಮೆಲ್ಲಗೆ ಕೇಳಿದೆ.

"ಅಕ್ಕಾರ, ಗಾಡಿ ಬಿದ್ದೈತೇನ್ರಿ?"

"ಬಿದ್ದೈತ್ರಿ."

"ಎಲ್ರಿ?"

"ಇಲ್ಲೇ, ಮನಿ ಮುಂದ."

"ಎಷ್ಟು ಸಲರಿ?"

"ಸಲ ಏನ್ ಬಂತ್ರಿ? ಇವರಿಗೆ ಸೊಂಟ ಹಿಡದು ಎರಡು ವರ್ಷ ಆತು. ಆವಾಗಿಂದ ಹಂಗ ಬಿದ್ದೈತಿ. ನಾನು ಅದರ ಮ್ಯಾಲೆ ಚಾದರ ಒಣಗಸ್ತೇನಿ."

ಹೋದ ಜೀವ ಬಂದಂತಾಯಿತು. ಚಾದರ ಸರಿಸಿ ನೋಡಿದರೆ ಮೈಮೇಲೆ ಒಂದು ಗೀರೂ ಇಲ್ಲ. ಮಾಸ್ತರು ತರಿಸಿಟ್ಟಿದ್ದ ಹೊಸ ಬ್ಯಾಟರಿ ಹಾಕಿದ್ದೇ ತಡ, ಎಂಜಿನ್ ಗುಡುಗಿತು. ನಾನು ಎರಡನೇ ಮಾತಾಡದೆ ಅವತ್ತೇ ಏರಿಕೊಂಡು ಬಂದೆ.

ಈಗ ಅದು ನಮ್ಮ ಮನೆಯ ಮುಂದೆ ನಿಂತಿದೆ. ನಿಂತಿದೆ ಅಂತ ನಾನು ಅನ್ನುತ್ತೇನೆ. ಬಿದ್ದೈತಿ ಅಂತ ನನ್ನ ಹೆಂಡತಿ ಅನ್ನುತ್ತಾಳೆ. ನಿನ್ನೆಯಿಂದ ಅದರ ಮೇಲೆ ಚಾದರವನ್ನೂ ಒಣಹಾಕತೊಡಗಿದ್ದಾಳೆ.