ಗಂಜಿಯ ತೂಕ

ನನಗೆ ಅಕ್ಷರ ಕಷ್ಟ, ಅಂಕಿ ಬರುತ್ತದೆ. ಅದಕ್ಕೇ ಮೊಮ್ಮಗಳ ತೂಕ ಬರೆದಿಡುವ ಕೆಲಸವನ್ನು ಮಗಳು ನನಗೆ ಕೊಟ್ಟಳು. ಹುಡುಗಿಗೆ ಒಂಬತ್ತು ವರ್ಷ, ಎಡಿಎಚ್‌ಡಿ, ಗಮನ ನಿಲ್ಲದ ತೊಂದರೆ ಎಂದರು. ಒಂದು ಸಾಲು ಮುಗಿಸದ ಮಗು ಮದ್ದು ಶುರುವಾದ ಮೇಲೆ ಪುಟಗಟ್ಟಲೆ ಬರೆಯಿತು. ಆದರೆ ಹಸಿವು ಸತ್ತಿತು. ಶಾಲೆಗೆ ಹೋದ ಬುತ್ತಿ ಹಾಗೇ ವಾಪಸು ಬರುತ್ತಿತ್ತು.

ನಾವಿರುವುದು ಕೊಚ್ಚಿಯ ಪಾಲಾರಿವಟ್ಟದಲ್ಲಿ, ಡಾಕ್ಟರು ತಿರುವನಂತಪುರದಲ್ಲಿ. ಕಾಸರಗೋಡಿನವರು, ಕನ್ನಡ ಬಲ್ಲವರು ಎಂದು ಹುಡುಕಿದ್ದು. ಪ್ರತಿ ತಿಂಗಳು ತೂಕ ಕಳಿಸಿ, ಇಳಿದರೆ ಮದ್ದು ನಿಲ್ಲಿಸಬೇಕಾದೀತು ಎಂದಿದ್ದರು. ನಾನು ಹೆದರಿದೆ. ತೂಗುವ ಮೊದಲು ಮಗುವಿಗೆ ಒಂದು ಬಟ್ಟಲು ಗಂಜಿತೆಳಿ ಕುಡಿಸಿದೆ. ಆಮೇಲೆ ಎರಡು, ಕೊನೆಗೆ ಮೂರು. ಅಂಕಿ ನಿಂತಲ್ಲೇ ನಿಂತಿತು.

ಆರು ತಿಂಗಳ ಮೇಲೆ ನೇರ ತೋರಿಸಲು ಹೋದೆವು. ಅಲ್ಲಿ ತೂಕ ತೀರಾ ಕಡಿಮೆ ಬಂತು, ಎತ್ತರವೂ ಏರಿರಲಿಲ್ಲ. ಡಾಕ್ಟರು ನನ್ನ ಅಂಕಿಗಳನ್ನೇ ನೋಡುತ್ತಾ ಕೂತರು. "ಅಮ್ಮಮ್ಮ ಕಞ್ಞಿ ಕುಡಿಪ್ಪಿಚ್ಚಿಟ್ಟಾ ತೂಕ್ಕುನ್ನೆ" ಎಂದು ಮಗು ಮಲಯಾಳದಲ್ಲಿ ಗಂಜಿಯ ಗುಟ್ಟು ಹೇಳಿಬಿಟ್ಟಿತು.

"ಅಜ್ಜೀ, ಇಷ್ಟು ದಿನ ನೀವು ನನಗೆ ಗಂಜಿಯ ತೂಕ ಕಳಿಸಿದ್ದಾ? ಮೊದಲೇ ಗೊತ್ತಾಗಿದ್ದರೆ ಡೋಸ್ ಕಮ್ಮಿ ಮಾಡಿ ನೋಡ್ತಿದ್ದೆ. ಈಗ ನಿಲ್ಲಿಸದೆ ಬೇರೆ ದಾರಿ ಇಲ್ಲ."

ಮಗಳು ಮನೆಗೆ ಬಂದು, "ಇನ್ನು ತೂಕ ನಾನೇ ನೋಡ್ತೇನೆ" ಎಂದಳು.

ಮಗು ಈಗ ಚೆನ್ನಾಗಿ ಉಣ್ಣುತ್ತದೆ. ಅರ್ಧ ಸಾಲು ಬರೆದು ಏಳುತ್ತದೆ, ತನ್ನನ್ನೇ ಬೈದುಕೊಂಡು ಅಳುತ್ತದೆ. ಮೂರು ಬಟ್ಟಲು ಕುಡಿದರೆ ಮದ್ದು ವಾಪಸು ಕೊಡುತ್ತಾರಾ ಎಂದು ನಿನ್ನೆ ನನ್ನನ್ನೇ ಕೇಳಿತು.

ಇಲ್ಲ ಎಂದೆ.