ಕಿಟಕಿಗೆ ಬೆನ್ನು

ಆಪಾ ಅವರ ಎಡಗಣ್ಣಿನ ಸುತ್ತ ಮಾತ್ರ ಸುಕ್ಕುಗಳಿದ್ದವು. ಬಲಗಣ್ಣು ಕ್ಯಾಮೆರಾದ ಹಿಂದೆ ತೆರೆದೇ ಇರುತ್ತಿತ್ತು; ಎಡಗಣ್ಣು ಬಿಗಿದು ಮುಚ್ಚಿಕೊಂಡು ಬೇಗ ಮುದಿಯಾಗಿತ್ತು. ಹೀಗೆ ಬರೆದ ಕೂಡಲೇ ಅನುಮಾನ. ಎಡಗಣ್ಣೋ, ಬಲಗಣ್ಣೋ? ಈಗ ಅವರ ಮುಖವನ್ನು ನಾನು ನೋಡುವುದು ಒಂದು ಪ್ರತಿಬಿಂಬದಲ್ಲಿ ಮಾತ್ರ, ಅಲ್ಲಿ ಎಡಬಲ ಅದಲುಬದಲು. ಎದುರಿಗೆ ಕೂತು ನೋಡಿದ ಮುಖವನ್ನು ಆ ಪ್ರತಿಬಿಂಬ ನಿಧಾನವಾಗಿ ತಿಂದುಹಾಕುತ್ತಿದೆ.

ಅಮೆರಿಕಾದ ನೋವೈಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆ ಅವರದು. ಹುಬ್ಬಳ್ಳಿಯವರು; ಅವರ ಮನೆಮಾತಿನಲ್ಲಿ ಆಪಾ ಎಂದರೆ ಅಕ್ಕ, ನಾನೂ ಹಾಗೇ ಕರೆಯುತ್ತಿದ್ದೆ. ಯುದ್ಧ ನಡೆಯುವ ಊರುಗಳಿಗೆ, ಪರದೇಶದ ಸೈನ್ಯ ಬಂದು ಕೂತ ಊರುಗಳಿಗೆ, ಯಾವ ಪತ್ರಿಕೆಯೂ ಕಳಿಸದೆ ತಾವೇ ಹೋಗಿ ಫೋಟೋ ತೆಗೆದು, ಆಮೇಲೆ ಪತ್ರಿಕೆಗಳಿಗೆ ಮಾರುತ್ತಿದ್ದರು. ಆ ಚಿತ್ರಗಳಲ್ಲಿ ಟ್ಯಾಂಕು, ಹೊಗೆ ಇರುತ್ತಿರಲಿಲ್ಲ. ಹಿಟ್ಟು ಕಲಸುವ ಕೈ, ನೀರು ಬಂದ ದಿನ ತುಂಬಿ ಸಾಲಾಗಿ ಕೂತ ಪಾತ್ರೆಗಳು, ಕರ್ಫ್ಯೂ ಹೊತ್ತಿನಲ್ಲಿ ಮಗಳ ತಲೆ ಬಾಚುವ ಅಪ್ಪ.

ಕಿಟಕಿಯೂ ಇರುತ್ತಿರಲಿಲ್ಲ. ಕಿಟಕಿಯಾಚೆ ಒಂದು ಮುರಿದ ಬಾಲ್ಕನಿ ಕಂಡರೆ ಸಾಕು, ಮನೆ ಯಾವುದೆಂದು ತಿಳಿಯುತ್ತದೆ. ಕ್ಯಾಮೆರಾದವಳನ್ನು ಒಳಗೆ ಬಿಟ್ಟುಕೊಂಡ ಮನೆಯ ಬಾಗಿಲನ್ನು ಮರುದಿನ ಸೈನಿಕರು ಬಡಿಯುತ್ತಾರೆ. ಅದಕ್ಕೇ ಕಿಟಕಿಗೆ ಬೆನ್ನು ಮಾಡಿ ನಿಂತೇ ತೆಗೆಯುತ್ತಿದ್ದರು. ಆ ಅಭ್ಯಾಸ ನೋವೈಗೆ ಬಂದರೂ ಬಿಡಲಿಲ್ಲ. ನಮ್ಮ ಮನೆಗೆ ಬಂದರೂ ಮೊದಲು ಕಿಟಕಿ ಎಲ್ಲಿದೆ ಎಂದು ನೋಡಿ, ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದರು. ಯಾರಾದರೂ ಅವರತ್ತ ಫೋನ್ ಎತ್ತಿದರೆ ಮುಖಕ್ಕೆ ಅಂಗೈ ಅಡ್ಡ.

ಮೈಸೂರಿನಿಂದ ಬಂದಿದ್ದ ನನ್ನ ಅಮ್ಮ ಚಪಾತಿ ಲಟ್ಟಿಸುತ್ತಿದ್ದಾಗ ಒಮ್ಮೆ ಆಪಾ ಕ್ಯಾಮೆರಾ ತೆಗೆದರು.

"ಹಿಂದೆ ಸ್ನೋ ಕಾಣೋ ಹಾಗೆ ತೆಗೀಮ್ಮ. ಮೈಸೂರಲ್ಲಿ ಎಲ್ಲರಿಗೂ ತೋರಿಸ್ಬೇಕು," ಎಂದರು ಅಮ್ಮ.

"ಸ್ನೋ ನಿಮ್ಮ ಮಗಳು ತೆಗೀತಾಳ್ರೀ ಅಮ್ಮಾರ. ನಂಗ ನಿಮ್ಮ ಕೈ ಸಾಕು."

ಫೋಟೋ ನೋಡಿ ಅಮ್ಮನಿಗೆ ಸಿಟ್ಟು ಬಂತು. "ಇದು ಅಮೆರಿಕಾ ಅಂದ್ರೆ ಯಾರು ನಂಬ್ತಾರೆ? ನಮ್ಮ ಪಕ್ಕದ್ಮನೆ ಅಡುಗೆಮನೆ ಇದ್ದ ಹಾಗಿದೆ!"

ಆಪಾ ನಕ್ಕರು. "ಹಂಗ ಕಾಣಬೇಕ್ರೀ. ನೋಡಿದವರಿಗೆ ಬಾಜೂ ಮನಿ ಅನ್ನಿಸಬೇಕು."

ನನ್ನ ಕೆಲಸ ಹೊಸ ಕಾರುಗಳ ಪೇಂಟ್ ಪರೀಕ್ಷಿಸುವುದು. ಬಾಗಿಲಿನ ಮೇಲೆ ಬಿದ್ದ ಟ್ಯೂಬ್‌ಲೈಟಿನ ಪ್ರತಿಬಿಂಬ ಎಲ್ಲಿ ಸೊಟ್ಟಗಾಗುತ್ತದೋ ಅಲ್ಲಿ ದೋಷ. ಇದನ್ನು ಅವರಿಗೆ ಹೇಳಿದ್ದು ಗ್ರೋಸರಿಯ ಪಾರ್ಕಿಂಗ್ ಲಾಟಿನಲ್ಲಿ. ಅಥವಾ ಆನ್ ಆರ್ಬರಿನಿಂದ ಡ್ರೈವ್ ಮಾಡಿಕೊಂಡು ಬರುವಾಗ. ಎರಡೂ ದೃಶ್ಯಗಳು ನನ್ನಲ್ಲಿವೆ, ಎರಡರಲ್ಲೂ ಅವರು ಅದೇ ಮಾತು ಆಡುತ್ತಾರೆ. ಒಂದನ್ನು ನಾನೇ ಕಟ್ಟಿಕೊಂಡಿರಬೇಕು.

"ತಂಗಿ, ನಿನ್ನ ಕಣ್ಣು ನಂಗ ಬೇಕು. ಕಿಟಕಿ ನಾ ಬಿಟ್ಟರೂ ಪಾತ್ರಿ ಬಿಡಂಗಿಲ್ಲ. ಸ್ಟೀಲಿನ ಹೊಟ್ಟ್ಯಾಗ ಕಿಟಕಿ ಬಂದು ಕುಂತಿರ್ತದ."

ಅಂದಿನಿಂದ ಅವರು ತೆಗೆದ ಚಿತ್ರಗಳು ಪತ್ರಿಕೆಗೆ ಹೋಗುವ ಮೊದಲು ನನಗೆ ಬರುತ್ತಿದ್ದವು. ಲಂಚ್ ಹೊತ್ತಿನಲ್ಲಿ ಕಾರಿನೊಳಗೆ ಕೂತು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದೆ: ಚಮಚ, ಕನ್ನಡಕ, ಆರಿದ ಟಿವಿಯ ಪರದೆ, ಮಗುವಿನ ಕಣ್ಣು. ಕಿಟಕಿ ಸಿಕ್ಕರೆ "ಬೇಡ" ಎಂದು ಮೆಸೇಜ್. ಇಲ್ಲದಿದ್ದರೆ "ಹೂಂ". ಹೂಂ ಎಂದಮೇಲೆ ನನಗೆ ಊಟ ಸೇರುತ್ತಿರಲಿಲ್ಲ. ಚಿತ್ರ ಅಚ್ಚಾದ ಮೇಲೂ ಮತ್ತೆ ತೆರೆದು ಹುಡುಕುತ್ತಿದ್ದೆ. ನಾನು ನೋಡದ ಒಂದು ಚಮಚ, ಒಂದು ಅಂಗಿಗುಂಡಿ, ಎಲ್ಲೋ ಒಂದು ಬಾಗಿಲು.

ಒಮ್ಮೆ ಒಂದು ಕೆಟಲಿನ ಚಿತ್ರ ಬಂತು. ತುಂಬ ಒಳ್ಳೆಯ ಚಿತ್ರ. ಹಿಡಿಗೆ ಹಸಿರು ಬಟ್ಟೆ ಸುತ್ತಿದ ಕೆಟಲ್, ಪಕ್ಕದಲ್ಲಿ ಬೆನ್ನು ತಿರುಗಿಸಿ ನಿಂತ ಮನೆಯಾಕೆ. ಕೆಟಲಿನ ಹೊಟ್ಟೆಯಲ್ಲಿ ಕಿಟಕಿ. ಆ ಕಿಟಕಿಗೆ ಬೆನ್ನು ಮಾಡಿದ ಆಪಾ. ಅಂದು ಕ್ಯಾಮೆರಾ ಎದೆಯ ಹತ್ತಿರ ಹಿಡಿದಿದ್ದರು, ಮುಖ ಪೂರ್ತಿ ಕಾಣುತ್ತಿತ್ತು. ಮನೆಯಾಕೆ ಏನೋ ಹೇಳಿರಬೇಕು, ಆಪಾ ನಗುತ್ತಿದ್ದರು.

"ಆಪಾ, ಕೆಟಲ್ ಮೇಲಿರೋ ಕಿಟಕಿ ಅಳಿಸಿಬಿಡ್ಲಾ? ಎರಡು ನಿಮಿಷದ ಕೆಲಸ," ಎಂದು ಫೋನಿನಲ್ಲಿ ಕೇಳಿದೆ.

ಅವರ ಹಿಂದೆ ಜನರೇಟರ್ ಗುಡುಗುಡು ಎನ್ನುತ್ತಿತ್ತು. "ಒಂದು ಅಳಿಸಿದ್ರ ಉಳಿದದ್ದೂ ಸುಳ್ಳಾಗ್ತದ. ನಾಳೆ ಅದನ್ನ ಹಿಡಕೊಂಡು, ನೋಡ್ರಿ ಇವರದು ಎಲ್ಲಾ ಸುಳ್ಳು, ಅಂತಾರ. ಇಟ್ಟರ ಪೂರಾ ಇಡು, ಬಿಟ್ಟರ ಪೂರಾ ಬಿಡು."

"ಬಿಟ್ರೆ ಯಾರೂ ನೋಡೋದೇ ಇಲ್ವಲ್ಲ."

"ನೀ ನೋಡಿದ್ಯಲ್ಲ."

ಮುಂದಿನ ಚಳಿಗಾಲ ಅದೇ ಊರಿನಲ್ಲಿ ಬ್ರೆಡ್ಡಿಗೆ ನಿಂತವರ ಸಾಲಿನ ಮೇಲೆ ಶೆಲ್ ಬಿತ್ತು. ಆಪಾ ಆ ಸಾಲಿನಲ್ಲಿದ್ದರು. ಚಿತ್ರ ತೆಗೆಯುತ್ತಿದ್ದರೋ, ಬ್ರೆಡ್ಡಿಗೇ ನಿಂತಿದ್ದರೋ, ಗೊತ್ತಿಲ್ಲ. ಪತ್ರಿಕೆಗಳು ಮೊದಲನೆಯದನ್ನು ಬರೆದವು. ನನಗೆ ಎರಡನೆಯದೇ ಕಾಣುತ್ತದೆ, ಕೈಯಲ್ಲಿ ಒಂದು ಚೀಲದ ಸಮೇತ. ಅದನ್ನೂ ನಾನು ನಂಬುವುದಿಲ್ಲ.

ಶಿಕಾಗೋದಲ್ಲಿ ಟೈರ್ ಅಂಗಡಿ ಇಟ್ಟಿರುವ ಅವರ ತಮ್ಮ ಡ್ರೈವ್ ಮಾಡಿಕೊಂಡು ಬಂದರು. ಚಹಾ ಮುಟ್ಟಲಿಲ್ಲ.

"ಪಾಸ್‌ಪೋರ್ಟ್ ಫೋಟೋ ಬಿಟ್ರ ನಮ್ಮ ಹತ್ರ ಏನೂ ಇಲ್ರೀ. ಆನ್ ಆರ್ಬರಿನಾಗ ಆಪಾಂದು ಎಕ್ಸಿಬಿಷನ್ ಮಾಡ್ತಾರಂತ. ಕ್ಯಾಮೆರಾ ಹಿಡದದ್ದು ಒಂದು ಬೇಕು. ಹುಬ್ಬಳ್ಯಾಗ ಅಮ್ಮಿಗೂ ಕಳಸಬೇಕು. ನಿಮ್ಮ ಹತ್ರ ಇದ್ದರ..."

"ಒಂದಿದೆ. ಒಂದು ಕೆಟಲಿನ ಮೇಲೆ ಕಾಣ್ತಾರೆ. ಹಿಂದೆ ಕಿಟಕಿನೂ ಕಾಣತ್ತೆ. ಕೊಡಕ್ಕಾಗಲ್ಲ."

"ಕಿಟಕಿ ಕತ್ತರಿಸ್ರಿ. ಮುಖ ಅಷ್ಟ ಕೊಡ್ರಿ."

"ಕೆಟಲ್ ಉಳಿಯತ್ತೆ. ಆ ಮನೆ ತಪಾಸಣೆ ಮಾಡಕ್ಕೆ ಬಂದ ಸೈನಿಕರಿಗೆ ಒಲೆ ಮೇಲೆ ಅದೇ ಕೆಟಲ್ ಸಿಗತ್ತೆ. ಆಪಾ ಅಲ್ಲಿದ್ರು ಅಂತ ಗೊತ್ತಾಗತ್ತೆ. ಆ ಮನೆಯವರು ಇನ್ನೂ ಅಲ್ಲೇ ಇದಾರೆ."

"ನಮ್ಮ ಆಪಾನ ಮುಖ ರೀ ಅದು."

ಲ್ಯಾಪ್‌ಟಾಪ್ ಅವರ ಮುಂದೆ ಸರಿಸಿದೆ. "ಇಲ್ಲೇ ತೋರಿಸ್ತೀನಿ. ನೋಡಿ."

ಅವರು ಅದರ ಮುಚ್ಚಳದ ಮೇಲೆ ಕೈಯಿಟ್ಟರು. "ಬ್ಯಾಡ್ರಿ. ನೋಡಿದ್ರ ಕೇಳದ ಇರಾಕ ಆಗಂಗಿಲ್ಲ."

ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತ, ತಲೆ ಎತ್ತದೆ, "ನಗ್ತಾಳೇನ್ರೀ ಅದರಾಗ?" ಎಂದು ಕೇಳಿದರು.

"ಹೂಂ," ಎಂದೆ.

ಎಕ್ಸಿಬಿಷನ್ನಿನಲ್ಲಿ ಪಾಸ್‌ಪೋರ್ಟ್ ಫೋಟೋವನ್ನೇ ದೊಡ್ಡದು ಮಾಡಿ ಹಾಕಿದರು. ಅದರಲ್ಲಿ ಎರಡೂ ಕಣ್ಣುಗಳು ಒಂದೇ ಸಮ ತೆರೆದಿದ್ದವು. ಅದು ಯಾರೋ ಬೇರೆಯವರು.

ಇದನ್ನು ಬರೆದ ಮೇಲೆ, ಅವರ ಚಿತ್ರಗಳನ್ನು ನೋಡುತ್ತಿದ್ದ ಹಾಗೆಯೇ ಮತ್ತೆ ಓದುತ್ತಿದ್ದೇನೆ, ಹೊಳೆಯುವ ಒಂದೊಂದು ಸಾಲಿನ ಎದುರೂ ನಿಂತು. ಊರಿನ ಹೆಸರು ಹಾಕಿಲ್ಲ. ಬಟ್ಟೆಯ ಬಣ್ಣ ಹಸಿರಲ್ಲ. ಹೊಳೆಯುತ್ತಿದ್ದದ್ದು ಕೆಟಲೂ ಅಲ್ಲ. ಕದ್ದು ಅಳಿಸಬಾರದು ಎಂದು ಅವರಿಂದ ಕಲಿತದ್ದರಿಂದ, ಬದಲಿಸಿದ್ದೇನೆ ಎಂದು ಇಲ್ಲೇ ಹೇಳುತ್ತಿದ್ದೇನೆ. ನಗು ಮಾತ್ರ ಪೂರಾ ಇಟ್ಟಿದ್ದೇನೆ.